ಸೈರನ್ ಕೂಗಿದ ಮೇಲಿನ ಹೊತ್ತು

2024ರ ಗಣರಾಜ್ಯೋತ್ಸವ ಶುಕ್ರವಾರ ಬಂತು. ಅದರ ಬೆನ್ನಿಗೇ ಶನಿವಾರ, ಭಾನುವಾರ. ಆ ಮೂರು ದಿನಗಳಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಜನ ಒಬ್ಬರ ಬೆನ್ನಿಗೊಬ್ಬರು ಸಾಲುಗಟ್ಟಿ ನಿಂತಿದ್ದ ಚಿತ್ರಗಳು ಎಲ್ಲರ ಫೋನಿಗೂ ಬಂದವು. ಕೆಲವೇ ದಿನಗಳಲ್ಲಿ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣದ ಹಾದಿಗಳನ್ನೆಲ್ಲ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು, ಆಮೇಲೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿ ತೆರೆಯಿತು. ಈಗಿನ ಹುಡುಗರಿಗೆ ಬೆಟ್ಟ ಬೇಕಿಲ್ಲ, ಬೆಟ್ಟದ ಮೇಲಿನ ಫೋಟೊ ಬೇಕು ಎಂದು ಹಿರಿಯರು ಬೈದರು. ಆ ಬೈಗುಳವನ್ನು ನಾನು ಒಪ್ಪುವುದಿಲ್ಲ. ಆ ಚಿತ್ರದಲ್ಲಿ ನನಗೆ ಮೊದಲು ಕಂಡದ್ದು ರಜೆಯ ಲೆಕ್ಕ. ಲಕ್ಷಾಂತರ ಜನರಿಗೆ ವರ್ಷದಲ್ಲಿ ಒಟ್ಟಿಗೇ ಸಿಗುವ ಮೂರು ದಿನ, ಎಲ್ಲರಿಗೂ ಅವೇ ಮೂರು ದಿನ. ಬೇರೆ ದಿನ ಹೋಗಲು ಅವರ ಉದ್ಯೋಗ ಬಿಡುವುದಿಲ್ಲ. ಅದನ್ನು ನೋಡುತ್ತ ನೆನಪಾದದ್ದು 1980ರ ದಶಕದ ಬೆಂಗಳೂರು, ಅಲ್ಲಿನ ಸಾರ್ವಜನಿಕ ಉದ್ದಿಮೆಗಳ ಕಾರ್ಖಾನೆಗಳು, ಆ ಕಾರ್ಖಾನೆಗಳ ಗೇಟು ದಾಟಿ ನೇರವಾಗಿ ಕಾಡಿಗೆ, ಕೆರೆಗೆ, ಬಂಡೆಗೆ ಹೋಗುತ್ತಿದ್ದ ಜನ. ಆ ಕಾಲವನ್ನು ಹೊಗಳಿ ಈ ಕಾಲವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊರಗಿನ ಬಯಲನ್ನು ಪ್ರೀತಿಸುವ ಒಬ್ಬ ಹುಡುಗ ಅಥವಾ ಹುಡುಗಿ ಉದ್ಯೋಗ ಆರಿಸುವಾಗ ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಆ ಉದ್ಯೋಗ ಕೊಡುವ ಬಿಡುವು ಯಾವ ಬಗೆಯದು ಎಂಬುದನ್ನು. ಆ ದಶಕ ನನಗೆ ಕಲಿಸಿದ್ದು ಇದು, ಇಷ್ಟು ವರ್ಷಗಳ ಮೇಲೂ ಇದನ್ನು ಬದಲಿಸಲು ಕಾರಣ ಸಿಕ್ಕಿಲ್ಲ.

ಆಗಿನ ಬೆಂಗಳೂರನ್ನು ಸ್ವಲ್ಪ ಕಟ್ಟಿಕೊಡಬೇಕು. 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, 1964ರ ಬಿಇಎಂಎಲ್ ಸೇರಿ ಊರಿನ ಅಂಚಿನಲ್ಲಿ ಬೇರೆಯದೇ ಒಂದು ಊರನ್ನು ಬೆಳೆಸಿದ್ದವು. ಜಾಲಹಳ್ಳಿ, ದೂರವಾಣಿನಗರದಂಥ ಕಡೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಕಾರ್ಖಾನೆಯ ಮಗ್ಗುಲಲ್ಲೇ. ಬೆಳಿಗ್ಗೆ ಸೈರನ್ ಕೂಗಿದರೆ ಒಳಗೆ, ಸಂಜೆ ಕೂಗಿದರೆ ಹೊರಗೆ. ಮೊದಲ ಶಿಫ್ಟಿನವರು ಮಧ್ಯಾಹ್ನಕ್ಕೇ ಹೊರಗೆ ಬರುತ್ತಿದ್ದರು. ಆಮೇಲೆ ಅವರನ್ನು ಯಾರೂ ಕರೆಯುವಂತಿರಲಿಲ್ಲ. ಮನೆಯಲ್ಲಿ ಫೋನೇ ಇಲ್ಲದ ಮೇಲೆ ಕರೆಯುವುದಾದರೂ ಹೇಗೆ? ಟೂಲ್ ರೂಮಿನ ಫಿಟ್ಟರು, ಸ್ಟೋರ್ಸ್ ಗುಮಾಸ್ತರು, ಡ್ರಾಯಿಂಗ್ ಆಫೀಸಿನವರು, ವೈಂಡಿಂಗ್ ಸೆಕ್ಷನ್ನಿನವರು, ಇಂಥವರಲ್ಲಿ ಒಂದು ಬಗೆಯ ಮನುಷ್ಯ ಇರುತ್ತಿದ್ದ. ಕೆಲಸದಲ್ಲಿ ಚೊಕ್ಕ, ಪ್ರಮೋಶನ್ನಿನ ಹಿಂದೆ ಬೀಳದವನು. ಅವನ ಲಾಕರಿನಲ್ಲಿ ಹಗ್ಗವೋ, ಎರವಲು ತಂದ ಬೈನಾಕ್ಯುಲರೋ, ಸಲೀಂ ಅಲಿಯವರ ಹಕ್ಕಿ ಪುಸ್ತಕವೋ ಇರುತ್ತಿತ್ತು. ರಾಮನಗರ, ಸಾವನದುರ್ಗದ ಬಂಡೆ ಹತ್ತುವವರು, ಹೆಬ್ಬಾಳ ಕೆರೆಯಲ್ಲಿ ಚಳಿಗಾಲದ ಬಾತುಗಳನ್ನು ಎಣಿಸುವವರು, ಕಾವೇರಿಯ ದಡದಲ್ಲಿ ಗಾಳ ಹಾಕುವವರು, ಕಪ್ಪು–ಬಿಳುಪು ರೀಲು ಹಾಕಿಕೊಂಡು ಹಕ್ಕಿಗೂಡಿನ ಮುಂದೆ ಗಂಟೆಗಟ್ಟಲೆ ಕೂರುವವರು, ಹೀಗೆ ಹಲವು ಗುಂಪು. ಯಾರೂ ಅದನ್ನು ಸಾಹಸವೆಂದು ಕರೆದುಕೊಳ್ಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮೈಕ್ರೊಮೀಟರ್ ಹಿಡಿದು ಅಳೆಯುವ ಕಣ್ಣೇ ಹಕ್ಕಿಯ ರೆಕ್ಕೆಯ ಪಟ್ಟೆಯನ್ನೂ ಅಳೆಯುತ್ತಿತ್ತು, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತಿತ್ತು. ಬೆಂಗಳೂರಿನ ಸುತ್ತಲಿನ ಕೆರೆಗಳ ಹಕ್ಕಿಗಳ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಇಂಥ ಸಂಬಳದಾರರು ಸಂಜೆ, ಭಾನುವಾರಗಳಲ್ಲಿ ಕೂಡಿಸಿಟ್ಟದ್ದು.

ಇದಕ್ಕೆ ಎಷ್ಟು ಹಣ ಬೇಕಾಗುತ್ತಿತ್ತು ಎಂದು ಕೇಳಿದರೆ ಈಗಿನವರಿಗೆ ನಂಬಿಕೆ ಬರುವುದಿಲ್ಲ. ರಾತ್ರಿ ಹೊರಡುವ ಕೆಂಪು ಬಸ್ಸು, ಬುತ್ತಿಗೆ ಚಪಾತಿ, ಚಟ್ನಿಪುಡಿ, ಅವಲಕ್ಕಿ, ಹೊದೆಯಲು ಮನೆಯ ಕಂಬಳಿ, ಕಾಲಿಗೆ ಕ್ಯಾನ್ವಾಸ್ ಶೂ. ಕುಮಾರ ಪರ್ವತಕ್ಕಾದರೆ ಗಿರಿಗದ್ದೆಯ ಭಟ್ಟರ ಮನೆಯ ಊಟ. ದುಬಾರಿ ಸಾಮಾನನ್ನು ನಾಲ್ಕು ಜನ ಸೇರಿ ಕೊಳ್ಳುತ್ತಿದ್ದರು, ಸರದಿಯಲ್ಲಿ ಒಯ್ಯುತ್ತಿದ್ದರು. ಕ್ಯಾಮೆರಾ ಮಾತ್ರ ಕೈಕಚ್ಚುವ ಹವ್ಯಾಸವಾಗಿತ್ತು. ಅದಕ್ಕೂ ಕ್ಲಬ್ಬುಗಳಿದ್ದವು, ಹಂಚಿಕೊಂಡ ಡಾರ್ಕ್‌ರೂಮುಗಳಿದ್ದವು. ವನ್ಯಜೀವಿ ಛಾಯಾಗ್ರಹಣವೆಂದರೆ ಸಂಡೂರಿನ ಎಂ.ವೈ. ಘೋರ್ಪಡೆಯವರಂಥ ರಾಜಮನೆತನದವರಿಗೆ, ಎಸ್ಟೇಟ್ ಒಡೆಯರಿಗೆ ಮಾತ್ರ ದಕ್ಕುವ ವಿದ್ಯೆ ಎಂಬ ಭಾವನೆ ಇದ್ದ ಕಾಲದಲ್ಲೇ ಸಾಮಾನ್ಯ ನೌಕರರೂ ಅದರಲ್ಲಿ ಪಳಗಿದರು. ಇದಕ್ಕೂ ಹಿಂದಿನ ಉದಾಹರಣೆ ಬೇಕೆಂದರೆ ಕೆನೆತ್ ಆಂಡರ್ಸನ್ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಓದಿದವರ ಮನಸ್ಸಿನಲ್ಲಿ ಆಂಡರ್ಸನ್ ಹಗಲುರಾತ್ರಿ ಕಾಡಿನಲ್ಲೇ ಇದ್ದ ಬೇಟೆಗಾರ. ನಿಜದಲ್ಲಿ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು. ನರಭಕ್ಷಕಗಳ ಬೆನ್ನು ಹತ್ತಿ ಹೋದ ಆ ರಾತ್ರಿಗಳ ಹಿಂದೆ ಒಂದು ಹಾಜರಿ ಪುಸ್ತಕವೂ ಇತ್ತು. ಕಾಡಿನ ಬದುಕಿಗೆ ಕಾರ್ಖಾನೆಯ ನೌಕರಿ ವಿರೋಧಿಯಲ್ಲ ಎಂಬುದಕ್ಕೆ ಕನ್ನಡ ಓದುಗರ ಕಪಾಟಿನಲ್ಲೇ ಇರುವ ಸಾಕ್ಷಿ ಇದು.

ಆ ಬಿಡುವು ಆಕಾಶದಿಂದ ಉದುರಿದ್ದಲ್ಲ. 1934ರ ಕಾರ್ಖಾನೆ ಕಾಯ್ದೆ ವಾರಕ್ಕೆ 54 ಗಂಟೆ ದುಡಿಸಲು ಅವಕಾಶ ಕೊಟ್ಟಿತ್ತು. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಡಾ. ಅಂಬೇಡ್ಕರ್ ಅವರ ಅವಧಿಯಲ್ಲಿ, 1946ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. 1948ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಗಟ್ಟಿ ಮಾಡಿತು. ಪ್ರತಿ 20 ದಿನದ ದುಡಿಮೆಗೆ ಒಂದು ದಿನದ ಸಂಬಳಸಹಿತ ರಜೆ ಎಂದೂ ಬರೆಯಿತು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಸಂಬಳ ಏರಿದ್ದೂ ಹೋರಾಟದಿಂದಲೇ. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 1981ರ ಮಾರ್ಚ್‌ವರೆಗೆ, 77 ದಿನ, ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಆ ದಿನಗಳಲ್ಲಿ ಸಾಲ ಮಾಡಿ ಸಂಸಾರ ನಡೆಸಿದ ಮನೆಗಳು ಆ ಬಡಾವಣೆಗಳಲ್ಲಿ ಲೆಕ್ಕವಿಲ್ಲದಷ್ಟು. ಇನ್ನು ಸರ್ಕಾರದ ನಿಯಮಗಳಲ್ಲಿ ಹೆಚ್ಚು ಜನ ಗಮನಿಸದ ಒಂದು ಉದಾರತೆ ಇತ್ತು. ಇಂಡಿಯನ್ ಮೌಂಟೆನಿಯರಿಂಗ್ ಫೌಂಡೇಶನ್ ಮಾನ್ಯ ಮಾಡಿದ ಪರ್ವತಾರೋಹಣಕ್ಕೆ ಹೋಗುವ ಕೇಂದ್ರ ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ಎಲ್‌ಟಿಸಿ ಎಂಬ ರಜಾ ಪ್ರಯಾಣದ ಸೌಲಭ್ಯ ಇತ್ತು. ಸಾರ್ವಜನಿಕ ಉದ್ದಿಮೆಗಳಲ್ಲೂ ಇದೇ ಮಾದರಿಯ ಸೌಲಭ್ಯಗಳು ನಡೆದು ಬಂದವು. ಸಣ್ಣ ಗುಮಾಸ್ತನೊಬ್ಬ ಎಲ್‌ಟಿಸಿಯಲ್ಲಿ ರೈಲು ಹತ್ತಿ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಅಗ್ಗದ ಶಿಬಿರಕ್ಕೆ ಸೇರಿ, ಹಿಮಾಲಯದ ಕಣಿವೆ ದಾಟಿ ಬರುವುದು ಸಾಧ್ಯವಾದದ್ದು ಹೀಗೆ. ಸಂಬಳದ ಚೀಟಿಯಲ್ಲಿ ಇದ್ಯಾವುದೂ ಕಾಣುತ್ತಿರಲಿಲ್ಲ, ಆದರೆ ಹಿಮಾಲಯ ಸಿಗುತ್ತಿತ್ತು.

ಬಿಡುವು ಯಾವ ಬಗೆಯದು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ, ಹೊರಗಿನ ಲೋಕ ನಮ್ಮ ಕ್ಯಾಲೆಂಡರಿಗೆ ಹೊಂದಿಕೊಂಡು ನಡೆಯುವುದಿಲ್ಲ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಗದಗಿನ ಮಾಗಡಿ ಕೆರೆಯಲ್ಲಿರುವುದು ಚಳಿಗಾಲದಲ್ಲಿ ಮಾತ್ರ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿ ಮರಿ ಮಾಡುವುದು ಚಳಿಗಾಲದ ಕೊನೆಯಿಂದ ಮಳೆ ಬರುವವರೆಗೆ. ಪಶ್ಚಿಮಘಟ್ಟದ ಕಪ್ಪೆಗಳ ದನಿ ಕೇಳಬೇಕೆಂದರೆ ಜೂನಿನ ಮೊದಲ ಮಳೆಯ ರಾತ್ರಿಗಳಲ್ಲೇ ಹೋಗಬೇಕು, ಅದು ಬುಧವಾರ ರಾತ್ರಿಯಾದರೆ ಬುಧವಾರವೇ. ಎಲ್ಲಕ್ಕಿಂತ ಕಠಿಣ ಲೆಕ್ಕ ನೀಲಕುರಿಂಜಿಯದು. ಮುನ್ನಾರಿನ ಬೆಟ್ಟಗಳಲ್ಲಿ ಅದು ಹನ್ನೆರಡು ವರ್ಷಕ್ಕೊಮ್ಮೆ ಹೂವಾಗುತ್ತದೆ: 2006, 2018, ಮುಂದಿನದು 2030. ಮೂವತ್ತೈದು ವರ್ಷ ನೌಕರಿ ಮಾಡುವವನ ಪಾಲಿಗೆ ಬರುವುದು ಹೆಚ್ಚೆಂದರೆ ಮೂರು ಹೂ. ಆ ಮೂರರಲ್ಲಿ ಒಂದು ಸಲ ‘ಪ್ರಾಜೆಕ್ಟ್ ಡೆಲಿವರಿ’, ಇನ್ನೊಂದು ಸಲ ‘ಆಡಿಟ್’ ಎಂದು ಹೋದರೆ ಉಳಿಯುವುದು ಒಂದೇ. ವರ್ಷಕ್ಕೆ ಒಟ್ಟು ಎಷ್ಟು ದಿನ ರಜೆ ಎಂಬ ಅಂಕಿಗಿಂತ ಆ ದಿನಗಳನ್ನು ಯಾರು ಆರಿಸುತ್ತಾರೆ, ಒಟ್ಟಿಗೆ ಎಷ್ಟು ತೆಗೆದುಕೊಳ್ಳಬಹುದು ಎಂಬುದು ಮುಖ್ಯವಾಗುವುದು ಇಲ್ಲಿ. 2019ರಲ್ಲಿ ಕರ್ನಾಟಕ ಸರ್ಕಾರ ನೌಕರರಿಗೆ ನಾಲ್ಕನೇ ಶನಿವಾರದ ರಜೆ ಕೊಟ್ಟಿತು, ಜೊತೆಗೇ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಕೂಡಿ ಕಳೆದರೆ ನೌಕರನಿಗೆ ಲಾಭವೇ. ಆದರೆ ತಾನೇ ಆರಿಸಿಕೊಳ್ಳಬಹುದಾಗಿದ್ದ ಐದು ದಿನ ಹೋಗಿ, ಎಲ್ಲರಿಗೂ ಒಂದೇ ಆದ ಹನ್ನೆರಡು ಶನಿವಾರ ಬಂದವು. ಕುಮಾರ ಪರ್ವತದ ಸಾಲು ಬೆಳೆಯುವುದು ಇಂಥ ಶನಿವಾರಗಳಲ್ಲೇ.

ಮೊದಲು ಗಳಿಸು, ಆಮೇಲೆ ತಿರುಗು ಎಂಬ ವಾದ ಈಗ ಬಲವಾಗಿದೆ. ಮೂವತ್ತು–ನಲವತ್ತರವರೆಗೆ ಹಗಲಿರುಳು ದುಡಿದು, ಹೂಡಿಕೆ ಮಾಡಿ, ನಲವತ್ತೈದಕ್ಕೆ ನೌಕರಿ ಬಿಟ್ಟು ಬೇಕಾದ ಕಡೆ ಹೋಗಬಹುದಲ್ಲ ಎಂದು ಬುದ್ಧಿವಂತ ಯುವಕರೇ ಕೇಳುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಹಾಗೆ ಬಿಟ್ಟು ಹೋಗಿ ಚೆನ್ನಾಗಿ ಬದುಕುತ್ತಿರುವವರೂ ಇದ್ದಾರೆ. ಆದರೆ ಈ ಲೆಕ್ಕ ಹವ್ಯಾಸವನ್ನು ಕೊಳ್ಳುವ ವಸ್ತುವೆಂದು ಭಾವಿಸುತ್ತದೆ, ಹಣ ಕೂಡಿಸಿ ಒಂದು ದಿನ ಒಟ್ಟಿಗೆ ತರಬಹುದು ಎಂಬಂತೆ. ಹಕ್ಕಿಯ ದನಿ ಗುರುತಿಸುವ ಕಿವಿ, ಬಂಡೆಯ ಬಿರುಕಿನಲ್ಲಿ ಹಿಡಿ ಹುಡುಕುವ ಬೆರಳು, ಹೊಳೆಯ ನೀರು ನೋಡಿ ಮೀನಿನ ಜಾಗ ಹೇಳುವ ಕಣ್ಣು ಒಟ್ಟಿಗೆ ಬರುವಂಥವಲ್ಲ. ಅದೇ ಕೆರೆಗೆ ಹತ್ತು ಚಳಿಗಾಲ ಹೋದವನಿಗೆ ಹನ್ನೊಂದನೆಯ ಚಳಿಗಾಲದಲ್ಲಿ ಯಾವ ಬಾತು ಬಂದಿಲ್ಲ ಎಂಬುದು ಕಾಣುತ್ತದೆ. ನಲವತ್ತೈದಕ್ಕೆ ಮೊದಲ ಸಲ ಹೋದವನಿಗೆ ಬಂದವು ಮಾತ್ರ ಕಾಣುತ್ತವೆ. ಜೊತೆಗೆ ಮೊಣಕಾಲು, ಬೆನ್ನು, ಮುದಿ ತಂದೆತಾಯಿ, ಮಕ್ಕಳ ಪರೀಕ್ಷೆ ಇವೆಲ್ಲ ನಲವತ್ತೈದಕ್ಕೇ ಬಂದು ನಿಲ್ಲುತ್ತವೆ. ಆ ವಾದದಲ್ಲಿ ಇನ್ನೂ ಒಂದು ತೊಡಕಿದೆ. ಇಪ್ಪತ್ತು ವರ್ಷ ಬಿಡುವಿಲ್ಲದೆ ದುಡಿದ ಮನುಷ್ಯ ಬಿಡುವು ಬಂದಾಗಲೂ ಅದನ್ನು ದುಡಿಮೆಯಂತೆಯೇ ನಡೆಸುತ್ತಾನೆ. ಇಷ್ಟು ಶಿಖರ, ಇಷ್ಟು ಜಾತಿಯ ಹಕ್ಕಿ ಎಂದು ಗುರಿ ಹಾಕಿಕೊಂಡು ಓಡುತ್ತಾನೆ. ಸುಮ್ಮನೆ ಕೂತು ನೋಡುವುದೂ ಎಳೆಯ ವಯಸ್ಸಿನಿಂದ ರೂಢಿಯಾಗಬೇಕಾದ ವಿದ್ಯೆ.

ಹವ್ಯಾಸವನ್ನೇ ಉದ್ಯೋಗ ಮಾಡಿಕೊಂಡರಾಯಿತಲ್ಲ ಎಂಬುದು ಇನ್ನೊಂದು ವಾದ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ತೇಜಸ್ವಿ. ಕನ್ನಡ ಎಂ.ಎ. ಓದಿದವರು, ಅಧ್ಯಾಪಕರಾಗದೆ ಮೂಡಿಗೆರೆಗೆ ಹೋಗಿ ಕಾಫಿ ಬೆಳೆದರು. ಹಕ್ಕಿಗಳ ಚಿತ್ರ ತೆಗೆದರು, ಗಾಳ ಹಾಕಿದರು, ‘ಪರಿಸರದ ಕಥೆ’, ‘ಕನ್ನಡ ನಾಡಿನ ಹಕ್ಕಿಗಳು’ ಬರೆದರು. ನನ್ನ ತಲೆಮಾರಿನ ಎಷ್ಟೋ ಜನ ಅವರನ್ನು ಓದಿ ನೌಕರಿ ಬಿಡುವ ಕನಸು ಕಂಡಿದ್ದೇವೆ. ಆದರೆ ಗಮನಿಸಬೇಕಾದದ್ದು, ತೇಜಸ್ವಿ ಕಾಡನ್ನು ಮಾರಿ ಬದುಕಲಿಲ್ಲ. ಅನ್ನಕ್ಕೆ ದಾರಿಯಾಗಿ ಬೇರೊಂದು ಕೆಲಸ, ಕೃಷಿ, ಇತ್ತು. ಕಾಫಿಗೆ ತನ್ನದೇ ಋತುಮಾನವಿದೆ. ಹೂಮಳೆಗೆ ಕಾಯುವ ದಿನಗಳು, ಚಳಿಗಾಲದ ಕೊಯ್ಲಿನ ಗಡಿಬಿಡಿ, ಮಳೆಗಾಲದ ದೀರ್ಘ ಬಿಡುವು. ಆ ಬಿಡುವು ಹೊಳೆಯಲ್ಲಿ ಮೀನು ಏರುವ ಹೊತ್ತಿಗೇ ಬರುತ್ತಿತ್ತು. ಅವರು ಆರಿಸಿದ್ದೂ ಬಿಡುವು ಇರುವ ಉದ್ಯೋಗವನ್ನೇ ಎಂದು ನಾನು ಓದುತ್ತೇನೆ. ಅದಕ್ಕೆ ಭೂಮಿ ಬೇಕು, ಬೆಲೆ ಬಿದ್ದ ವರ್ಷಗಳನ್ನು ತಾಳಿಕೊಳ್ಳುವ ಶಕ್ತಿ ಬೇಕು. ಅದು ಎಲ್ಲರಿಗೂ ಇರುವುದಿಲ್ಲ. ಹವ್ಯಾಸವನ್ನೇ ಮಾರುವ ಉದ್ಯೋಗಗಳ ಕತೆ ಬೇರೆ. ಚಾರಣ ನಡೆಸುವ ಯುವಕನಿಗೆ ಶನಿವಾರ, ಭಾನುವಾರವೇ ದುಡಿಮೆಯ ದಿನ. ಒಂದೇ ಬೆಟ್ಟವನ್ನು ಬೇರೆಯವರ ನಡಿಗೆಯ ವೇಗದಲ್ಲಿ ಹತ್ತುತ್ತಾನೆ, ಅವರ ಊಟ, ಅವರ ಗಾಯ, ಅವರ ಸಿಟ್ಟು ನೋಡಿಕೊಳ್ಳುತ್ತಾನೆ. ಸಫಾರಿಯ ನ್ಯಾಚುರಲಿಸ್ಟ್ ಹುಲಿ ತೋರಿಸಲೇಬೇಕು, ಅವನಿಗೆ ಇಷ್ಟವಾದ ಜೇಡವನ್ನು ನೋಡುತ್ತ ನಿಲ್ಲಲು ಜೀಪಿನವರು ಬಿಡುವುದಿಲ್ಲ. ಈ ಕೆಲಸಗಳನ್ನು ಪ್ರೀತಿಯಿಂದ ಮಾಡುವವರಿದ್ದಾರೆ, ಅವರಿಂದ ನಾಡಿಗೆ ಉಪಕಾರವಾಗಿದೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಸ್ವಂತ ಖುಷಿಗೆ ಕಾಡಿಗೆ ಹೋಗುವ ದಿನಗಳು ಕಡಿಮೆ. ಅದನ್ನು ತಿಳಿದೇ ಆರಿಸಬೇಕು.

ಆ ಹಳೆಯ ವ್ಯವಸ್ಥೆಯನ್ನು ಈಗ ನೋಡಿದಾಗ ಮರೆಮಾಚದೆ ಹೇಳಬೇಕಾದ ಮಾತುಗಳಿವೆ. ಕಾರ್ಖಾನೆಯ ಬಿಡುವು ಗಂಡಸರಿಗೆ ಸಿಕ್ಕಷ್ಟು ಹೆಂಗಸರಿಗೆ ಸಿಗಲಿಲ್ಲ. ಎಚ್‌ಎಂಟಿಯ ಗಡಿಯಾರ ಜೋಡಣೆಯ ವಿಭಾಗದಲ್ಲಿ, ಐಟಿಐ, ಬಿಇಎಲ್‌ನ ಸಾಲುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದರು. ಅವರಿಗೂ ಅದೇ ಸೈರನ್, ಅದೇ ಗಳಿಕೆ ರಜೆ. ಸೈರನ್ ಕೂಗಿದ ಮೇಲೆ ಅವರ ಕಾಲು ನಡೆದದ್ದು ರೇಷನ್ ಅಂಗಡಿಗೆ, ಸೀಮೆಎಣ್ಣೆಯ ಸಾಲಿಗೆ, ಅಡುಗೆಮನೆಗೆ. ಅವರ ರಜೆ ಖರ್ಚಾದದ್ದು ಹೆರಿಗೆ, ಬಾಣಂತನ, ಮಕ್ಕಳ ಜ್ವರ, ಊರಿನ ಹಬ್ಬಕ್ಕೆ. ಗಂಡಸು ಭಾನುವಾರ ಸಾವನದುರ್ಗಕ್ಕೆ ಹೋದ ಪ್ರತಿ ಸಲವೂ ಮನೆಯಲ್ಲಿ ಇನ್ನೊಬ್ಬರ ಭಾನುವಾರ ಹೆಚ್ಚು ಭಾರವಾಯಿತು. ಸಲೀಂ ಅಲಿಯವರ ಬದುಕಿನಲ್ಲೂ ಇದೇ ಪಾಠವಿದೆ. ಮುಂಬೈ ಮ್ಯೂಸಿಯಮ್ಮಿನ ಹುದ್ದೆ ಹೋದ ಮೇಲೆ ಅವರು ಕಿಹಿಮ್‌ನಲ್ಲಿ ಗೀಜಗನ ಗೂಡುಗಳ ಅಧ್ಯಯನಕ್ಕೆ ಕೂರಲು ಸಾಧ್ಯವಾದದ್ದರಲ್ಲಿ ಪತ್ನಿ ತೆಹಮಿನಾ ಅವರ ಪಾಲು ದೊಡ್ಡದು. ಉದ್ಯೋಗ ಕೊಡುವ ಬಿಡುವು ಮೊದಲು ಮನೆಗೆ ಬರುತ್ತದೆ, ಅಲ್ಲಿ ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ನಾವು ಕೇಳಿಕೊಳ್ಳಲಿಲ್ಲ. ಇನ್ನೊಂದು ಮಾತು. ಆ ನೌಕರಿಗಳು ಎಲ್ಲರಿಗೂ ದಕ್ಕಿದ್ದಲ್ಲ. ಅದೇ ಗೇಟಿನ ಹೊರಗೆ ಸಣ್ಣ ವರ್ಕ್‌ಶಾಪುಗಳಲ್ಲಿ, ಕಟ್ಟಡ ಕೆಲಸದಲ್ಲಿ, ಬೀಡಿ ಕಟ್ಟುವಲ್ಲಿ ದುಡಿದವರಿಗೆ ಕಾನೂನಿನ 48 ಗಂಟೆ ಕಾಗದದ ಮೇಲೆ ಮಾತ್ರ ಇತ್ತು. ಬೆಟ್ಟ ಹತ್ತುವವರ ಗುಂಪಿನಲ್ಲಿ ಅವರ ಮುಖಗಳು ಇರಲಿಲ್ಲ.

ಆ ಬಿಡುವೇ ಆ ಕಾರ್ಖಾನೆಗಳನ್ನು ಮುಳುಗಿಸಿತು ಎಂದು ಹೇಳುವವರಿದ್ದಾರೆ. ಐದು ಗಂಟೆಗೆ ಎದ್ದು ಹೋಗುವವರಿಂದ ಏನು ಬೆಳೆದೀತು ಎಂಬ ಪ್ರಶ್ನೆ. ಎಚ್‌ಎಂಟಿ ಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ಎಚ್‌ಎಂಟಿ ಸೋತದ್ದು ಬಹುಪಾಲು ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಜ್‌ಗೆ ಮಾರುಕಟ್ಟೆ ಹೊರಳಿದಾಗ. 1980ರ ದಶಕದ ಕೊನೆಯಲ್ಲಿ ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ಗಡಿಯಾರ ತಂದು ಅಂಗಡಿಗಳನ್ನು ತುಂಬಿದಾಗ ಮೇಲಿನವರ ನಿರ್ಧಾರಗಳು ನಿಧಾನವಾದವು. ಜೋಡಣೆಯ ಮೇಜಿನ ಮುಂದೆ ಕೂತವರು ಭಾನುವಾರ ಎಲ್ಲಿಗೆ ಹೋಗಿದ್ದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚೂಕಡಿಮೆ ಅದೇ ಬಗೆಯ ಶಿಫ್ಟು, ಅದೇ ಬಗೆಯ ರಜೆ ಇದ್ದ ಬಿಇಎಲ್ ಅದೇ ಜಾಲಹಳ್ಳಿಯಲ್ಲಿ ಉಳಿಯಿತು, ಬೆಳೆಯಿತು, 2007ರಲ್ಲಿ ನವರತ್ನ ಕಂಪನಿಯಾಯಿತು. ಸೋಮಾರಿಗಳು ಆ ಕಾರ್ಖಾನೆಗಳಲ್ಲಿ ಇದ್ದರು, ಹಾಜರಿ ಹಾಕಿ ಕ್ಯಾಂಟೀನಿನಲ್ಲಿ ಕಾಲ ಕಳೆದವರೂ ಇದ್ದರು. ಆದರೆ ಬೆಟ್ಟ ಹತ್ತುತ್ತಿದ್ದವರು ಬಹುಪಾಲು ಆ ಗುಂಪಿನವರಲ್ಲ. ಹೊತ್ತಿಗೆ ಸರಿಯಾಗಿ ಹೊರಬೀಳಬೇಕೆಂದರೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲೇಬೇಕಿತ್ತು.

ಈಗಿನ ಬೆಂಗಳೂರಿನಲ್ಲಿ ಸಂಬಳ ಆಗಿನವರು ಊಹಿಸಲಾರದಷ್ಟು ದೊಡ್ಡದು. ಒಳ್ಳೆಯ ಬೂಟು, ಹಗುರ ಟೆಂಟು, ಕ್ಯಾಮೆರಾ ಎಲ್ಲವನ್ನೂ ಸಾಫ್ಟ್‌ವೇರ್ ನೌಕರಿಯ ಹುಡುಗಿ ಮೂರು ತಿಂಗಳ ಉಳಿತಾಯದಲ್ಲಿ ಕೊಳ್ಳಬಲ್ಲಳು. ಅವಳ ಹೊತ್ತು ಮಾತ್ರ ಚೂರುಚೂರಾಗಿದೆ. ಅಮೆರಿಕದವರು ಏಳುವ ಹೊತ್ತಿಗೆ ಇವಳ ಮೀಟಿಂಗು. ರಾತ್ರಿ ಹನ್ನೊಂದಕ್ಕೂ ಫೋನು. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ ಬೇಕಿತ್ತು. ಮನೆಗೂ ಕಚೇರಿಗೂ ನಡುವೆ ಇಪ್ಪತ್ತು ಕಿಲೋಮೀಟರ್ ಇದ್ದವರ ಸಂಜೆ ರಸ್ತೆಯಲ್ಲೇ ಮುಗಿಯುತ್ತದೆ. ಜಾಲಹಳ್ಳಿಯ ಕ್ವಾರ್ಟರ್ಸಿನವರಿಗೆ ಕಡಿಮೆ ಸಂಬಳದಲ್ಲೂ ಸಂಜೆಯಿದ್ದದ್ದು ಕಾರ್ಖಾನೆಯ ಗೇಟು ನಡಿಗೆಯ ದೂರದಲ್ಲಿದ್ದುದರಿಂದ. ಇಷ್ಟರ ಮೇಲೆ, ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ಹೇಳಿದರು. 2024ರಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ರಾಜ್ಯದಲ್ಲಿ ಚರ್ಚೆಗೆ ಬಂತು, ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು. 70 ಗಂಟೆಯೆಂದರೆ ವಾರದ ಏಳೂ ದಿನ ಹತ್ತು ಗಂಟೆ. 1934ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳಿಗೆ ಹಾಕಿದ್ದ ಮಿತಿಗಿಂತಲೂ 16 ಗಂಟೆ ಹೆಚ್ಚು. ದೇಶ ಕಟ್ಟಲು ಇದು ಬೇಕು ಎನ್ನುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಈ ದೇಶದ ಕೆರೆ, ಕಾಡು, ಬೆಟ್ಟಗಳನ್ನು ನೋಡಿಕೊಂಡು, ಒತ್ತುವರಿಯಾದಾಗ ದಾಖಲೆ ಸಮೇತ ಎದ್ದು ನಿಂತವರಲ್ಲಿ ಎಷ್ಟೋ ಜನ ಸಂಜೆ ಬಿಡುವಿದ್ದ ಸಂಬಳದಾರರು. ಆ ಕೆಲಸವೂ ದೇಶದ್ದೇ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯ ವಿಚಾರ ಸ್ವಲ್ಪ ಬೇರೆ, ಅದನ್ನು ಒಂದೇಟಿಗೆ ತಳ್ಳಿಬಿಡಲು ನನಗೆ ಮನಸ್ಸಿಲ್ಲ. ಅದರ ಪ್ರಕಾರ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದಿತ್ತು, ಆದರೆ ವಾರದ ಮಿತಿ 48 ಗಂಟೆಯೇ. ನಾಲ್ಕು ದಿನ ದುಡಿದು ಮೂರು ದಿನ ಬಿಡುವು ಪಡೆಯಬಹುದಲ್ಲ ಎಂದು ಅದನ್ನು ಸಮರ್ಥಿಸಿದರು. ಬೆಟ್ಟ, ಕಾಡು ಬಯಸುವವನಿಗೆ ಇದು ನಿಜಕ್ಕೂ ಆಸೆ ಹುಟ್ಟಿಸುವ ಮಾತು. ಪ್ರತಿ ವಾರ ಮೂರು ದಿನ, ಅದೂ ಎಲ್ಲರಿಗೂ ಒಂದೇ ದಿನವಲ್ಲ. ಕುಮಾರ ಪರ್ವತದ ನೂಕುನುಗ್ಗಲಿಗೂ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಅದೇ ತಿದ್ದುಪಡಿ ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಕಡಿಮೆ ಕೂಲಿಯ ಕಾರ್ಮಿಕ ಆ ಮೂರು ದಿನದಲ್ಲಿ ಓವರ್‌ಟೈಮಿಗೆ ಹೋಗುವುದು ಬಿಟ್ಟು ಹೆಬ್ಬಾತು ನೋಡಲು ಹೋಗುವಂತಿಲ್ಲ. ಕೂಲಿ ಸಾಕಷ್ಟಿದ್ದು, ನಾಲ್ಕು ದಿನವೋ ಆರು ದಿನವೋ ಎಂಬುದನ್ನು ದುಡಿಯುವವನೇ ಆರಿಸುವಂತಾದರೆ ಮಾತ್ರ ಆ ಮೂರು ದಿನ ಅವನದ್ದು. ಹಣದ ಮಾತು ನನ್ನ ವಾದದಲ್ಲಿ ಬರುವುದು ಇಲ್ಲಿ. ಹವ್ಯಾಸಕ್ಕೆ ದುಡ್ಡು ಸ್ವಲ್ಪ ಸಾಕು, ಆದರೆ ಬಿಡುವನ್ನು ಮಾರದೆ ಉಳಿಸಿಕೊಳ್ಳುವಷ್ಟು ಸಂಬಳ ಇರಲೇಬೇಕು.

ಆ ಸಾರ್ವಜನಿಕ ಉದ್ದಿಮೆಯ ನೌಕರಿಗಳೇ ಈಗ ಇಲ್ಲದಿರುವಾಗ ಈ ಮಾತಿನಿಂದ ಏನು ಪ್ರಯೋಜನ ಎಂದು ಕೇಳಬಹುದು. ಅವು ಕಡಿಮೆಯಾಗಿವೆ, ಉಳಿದವುಗಳಲ್ಲೂ ಗುತ್ತಿಗೆಯ ಕೆಲಸವೇ ಹೆಚ್ಚು. ಆದರೂ ಹಳೆಯ ಗುಣವಿರುವ ಉದ್ಯೋಗಗಳು ಇವೆ. ಶಾಲೆಯ ಮೇಷ್ಟ್ರಿಗೆ ದಸರಾ, ಬೇಸಿಗೆ ರಜೆ ಇದೆ, ಅವರ ಶಾಲೆ ಇರುವುದೂ ಬಹಳ ಸಲ ಕೆರೆ, ಗುಡ್ಡದ ಮಗ್ಗುಲಲ್ಲೇ. ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ ಪಾಳಿಯಲ್ಲಿ ದುಡಿಯುವವರಿಗೆ ಮಂಗಳವಾರ, ಬುಧವಾರದ ಖಾಲಿ ದಿನಗಳು ಸಿಗುತ್ತವೆ. ರಾತ್ರಿ ಪಾಳಿ ಮೈಯನ್ನು ತಿನ್ನುತ್ತದೆ ಎಂಬುದನ್ನು ಮರೆಯಬಾರದು, ಆದರೆ ವಾರದ ನಡುವೆ ಬರುವ ಬಿಡುವು ಅಪರೂಪದ್ದು. ಬ್ಯಾಂಕುಗಳಿಗೆ 2015ರಿಂದ ಎರಡನೇ, ನಾಲ್ಕನೇ ಶನಿವಾರ ಪೂರ್ತಿ ರಜೆ. ಸ್ವಂತ ಕೈಕೆಲಸದವರಿಗೆ, ಎಲೆಕ್ಟ್ರಿಷಿಯನ್ನರಿಗೆ, ಬಡಗಿಗೆ, ಬೈಕ್ ಮೆಕ್ಯಾನಿಕ್ಕಿಗೆ, ಗಿರಾಕಿಗಳ ನಂಬಿಕೆ ಗಳಿಸಿದ ಮೇಲೆ ಜೂನಿನಲ್ಲಿ ಒಂದು ವಾರ ಬಾಗಿಲು ಹಾಕುವ ಸ್ವಾತಂತ್ರ್ಯ ಇದೆ. ಮಧ್ಯಮ ವರ್ಗದ ಮನೆಗಳು ಈ ಕೆಲಸಗಳನ್ನು ಮಕ್ಕಳಿಗೆ ಹೇಳದಿರುವುದು ಬೇರೆ ಮಾತು. ಐಟಿಯಲ್ಲೇ ಇರಬೇಕೆಂದರೆ ಸಂದರ್ಶನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ವರ್ಷಾಂತ್ಯಕ್ಕೆ ಬಿದ್ದು ಹೋಗುತ್ತದೆಯೇ? ಒಟ್ಟಿಗೆ ಎರಡು ವಾರ ಕೊಟ್ಟ ಉದಾಹರಣೆ ಈ ತಂಡದಲ್ಲಿ ಇದೆಯೇ? ರಜೆಯಲ್ಲಿದ್ದಾಗ ಯಾರು ಫೋನ್ ಮಾಡುತ್ತಾರೆ? ಕೆಲಸದ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಸಿಗುತ್ತದೆಯೇ? ನೆಂಟರು ‘ಪ್ಯಾಕೇಜು ಎಷ್ಟು’ ಎಂದು ಕೇಳುವಾಗ ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ, ಆದ್ದರಿಂದ ಹುಡುಗರೇ ಕೇಳಬೇಕು. ಮದುವೆಯ ಮಾತುಕತೆಯಲ್ಲೂ ಕೇಳಬೇಕಾದ ಪ್ರಶ್ನೆ ಒಂದಿದೆ: ವಾರದಲ್ಲಿ ಯಾವ ದಿನ ನಿನ್ನದು, ಯಾವ ದಿನ ನನ್ನದು? ಇದನ್ನು ಮೊದಲೇ ಕೇಳಿ, ಬೆಟ್ಟಕ್ಕೆ ಹೋಗುವ ದಿನಗಳನ್ನು ಸರದಿಯಲ್ಲಿ ಹಂಚಿಕೊಂಡಿರುವ ದಂಪತಿಗಳು ಈಗ ಕಾಣಸಿಗುತ್ತಿದ್ದಾರೆ. ಅವಳು ಹೋದ ಭಾನುವಾರ ಅವನು ಅಡುಗೆ ಮಾಡಿ ಮಗುವನ್ನು ನೋಡಿಕೊಳ್ಳುತ್ತಾನೆ. ಜಾಲಹಳ್ಳಿಯ ಆ ಕ್ವಾರ್ಟರ್ಸುಗಳಲ್ಲಿ ಇಂಥ ಮನೆ ಸಿಗುವುದು ಬಹಳ ಅಪರೂಪವಾಗಿತ್ತು.